ಮೊದಲ ರಿಂಗಿಗೇ ಎತ್ತುವ ಪೆಟ್ಟಿಗೆ

ಮರಿಮಲ್ಲಪ್ಪ ಒಳ್ಳೆಯ ಮನುಷ್ಯನಲ್ಲ. ಕುಡಿಯುತ್ತಿರಲಿಲ್ಲ, ಲಂಚ ಮುಟ್ಟುತ್ತಿರಲಿಲ್ಲ, ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿರಲಿಲ್ಲ. ಇಷ್ಟಕ್ಕೇ ಒಬ್ಬನನ್ನು ಒಳ್ಳೆಯವನೆಂದು ಕರೆಯುವವರು ಕರೆಯಲಿ. ಅವನ ಎದೆಯಲ್ಲಿ ಮರುಕವೆಂಬುದಿರಲಿಲ್ಲ. ಮರುಕವಿಲ್ಲದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದೊಂದೇ ಆಗಿದ್ದರೆ ಹೇಳುವ ಅಗತ್ಯವಿರಲಿಲ್ಲ. ತನ್ನ ತಪ್ಪನ್ನು ಇನ್ನೊಬ್ಬರು ಹೊತ್ತು ನಡೆಯುವುದನ್ನು ನೋಡಿಕೊಂಡು ಅವನು ತಣ್ಣಗೆ ಊಟ ಮಾಡಬಲ್ಲವನಾಗಿದ್ದ.

ಊರು ತೆರಕಣಾಂಬಿ. ತಂದೆಗೆ ಬೆಲ್ಲ, ಹುಣಸೆಹಣ್ಣಿನ ಸಣ್ಣ ವ್ಯಾಪಾರ. ಮಗ ಮೈಸೂರಿಗೆ ಹೋಗಿ ಬಿ.ಎಸ್ಸಿ. ಮಾಡಿ, ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಚಾಮರಾಜನಗರದಲ್ಲಿ ಅರಿಸಿನ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಟೈಪಿಸ್ಟಾಗಿ ಸೇರಿದ. ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಬೇರೆ ಯಾರಿಗೂ ಧೈರ್ಯ ಸಾಲದೆ ಅದು ಅವನ ಪಾಲಿಗೆ ಬಂತು. ಅಂದಿನಿಂದ ಅವನಿಗೆ ಬೇರೆ ಸಂಗ ಬೇಕಾಗಲಿಲ್ಲ. ಮೊದಲೂ ಬೇಕಾಗಿತ್ತೆಂದು ಹೇಳುವಂತಿಲ್ಲ. ತಾಳಿ ಕಟ್ಟುವ ಮುನ್ನ ಮೈಕ್‌ಸೆಟ್ ಕಿರುಗುಟ್ಟಿತೆಂದು ಹಸೆಮಣೆಯಿಂದ ಎದ್ದುಹೋಗಿ ವೈರು ಸರಿಮಾಡಿ ಬಂದ ಗಂಡು ಅವನು. ಹೆಂಡತಿ ರಾಚಮ್ಮ ಅದನ್ನು ಮರೆತವಳಲ್ಲ. “ನಾನೂ ಕಿರ್ರೋ ಅಂದಿದ್ರೆ ನನ್ ಕಡೇನೂ ಒಂದ್ಸಲ ತಿರುಗಿ ನೋಡೋರೇನೋ,” ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ನಗದವನು ಅವನೊಬ್ಬನೇ.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ ಸಂಘದ ನಿರ್ದೇಶಕರಿಗೂ ಹೊಸತನದ ಹುಮ್ಮಸ್ಸು ಬಂದಿತ್ತು. ಈರೋಡಿನ ಅರಿಸಿನದ ಧಾರಣೆ ಬೆಳಗ್ಗೆ ಮುಖ್ಯ ಕಚೇರಿಗೆ ಬರುತ್ತಿತ್ತು. ಅದು ಗುಂಡ್ಲುಪೇಟೆಯ ಶಾಖೆಯನ್ನು ಮುಟ್ಟುವಷ್ಟರಲ್ಲಿ ದಲ್ಲಾಳಿಗಳು ರೈತರ ಮೂಟೆಗಳಿಗೆ ಬೆಲೆ ಕಟ್ಟಿ ಮುಗಿಸಿರುತ್ತಿದ್ದರು. ಎರಡೂ ಕಡೆಯ ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಯ ಮೂಲಕ ಕೂಡಿಸಿಬಿಡುತ್ತೇನೆ, ಧಾರಣೆ ತಾನಾಗಿ ಹೋಗುತ್ತದೆ, ಶಾಖೆಯ ತೂಕದ ಲೆಕ್ಕ ತಾನಾಗಿ ಬರುತ್ತದೆ ಎಂದು ಮರಿಮಲ್ಲಪ್ಪ ಒಪ್ಪಿಕೊಂಡ. ಫೋನಿನಲ್ಲಿ ಬಾಯಿಬಿಟ್ಟು ಹೇಳಿದರೆ ಸಾಲದೇ ಎಂದು ಒಬ್ಬ ನಿರ್ದೇಶಕರು ಕೇಳಿದ್ದಕ್ಕೆ, ಮನುಷ್ಯರ ಬಾಯಿಯನ್ನೂ ಕಿವಿಯನ್ನೂ ನಂಬುವಂತಿಲ್ಲ ಎಂದಿದ್ದ.

ಕೆಲಸ ಸುಲಭದ್ದಲ್ಲ. ಕಂಪ್ಯೂಟರಿನ ಬೆನ್ನಿನಲ್ಲಿ ಸೀರಿಯಲ್ ಪೋರ್ಟ್ ಎಂಬ ಕಿಂಡಿ ಇರುತ್ತದೆ. ಅಕ್ಷರಗಳು ಅದರಿಂದ ಇರುವೆಸಾಲಿನಂತೆ ಒಂದರ ಹಿಂದೊಂದು ಹೊರಡುತ್ತವೆ. ಹಾಗೆ ಹೊರಟದ್ದನ್ನು ಮೋಡೆಮ್ ಎಂಬ ಪೆಟ್ಟಿಗೆ ಸಿಳ್ಳೆಯಾಗಿ ಮಾರ್ಪಡಿಸಿ ಟೆಲಿಫೋನ್ ತಂತಿಗೆ ಬಿಡುತ್ತದೆ, ಆಚೆ ತುದಿಯ ಪೆಟ್ಟಿಗೆ ಸಿಳ್ಳೆಯನ್ನು ಮತ್ತೆ ಅಕ್ಷರ ಮಾಡುತ್ತದೆ. ಈ ಇರುವೆಸಾಲನ್ನೇ ಇಂಟರ್ನೆಟ್ಟಿನ ದಾರಿಯೆಂದು ನಂಬುವಂತೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೆ ಕಲಿಸಬೇಕು. ಅವನ ಹತ್ತಿರವಿದ್ದದ್ದು ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಸ್ಟಮ್. ಅದಕ್ಕೆ ಹೊಸದನ್ನು ಕಲಿಸಬೇಕಾದರೆ ಕರ್ನಲ್ ಎಂಬ ಅದರ ತಿರುಳನ್ನೇ ಮತ್ತೆ ಕಟ್ಟಬೇಕಾಗಿತ್ತು. ಕಟ್ಟುವ ಮೊದಲು ಅದು ಪ್ರಶ್ನೆ ಕೇಳುತ್ತದೆ. ಇದು ಬೇಕೇ, ಅದು ಬೇಕೇ, ಸೀರಿಯಲ್ ತಂತಿಯ ಮೇಲೆ ಜಾಲ ಬೇಕೇ. ಒಂದಕ್ಕೆ ತಪ್ಪು ಉತ್ತರ ಕೊಟ್ಟರೂ ಅರ್ಧ ದಿನದ ಕೆಲಸ ನೀರುಪಾಲು. ಮರಿಮಲ್ಲಪ್ಪ ಒಂದೊಂದಕ್ಕೂ ನಿಧಾನವಾಗಿ, ಅಕ್ಕರೆಯಿಂದ ಉತ್ತರ ಕೊಡುತ್ತಿದ್ದ. ಅಷ್ಟು ತಾಳ್ಮೆಯಿಂದ ಅವನು ಯಾವ ಮನುಷ್ಯನಿಗೂ ಉತ್ತರ ಕೊಟ್ಟದ್ದನ್ನು ಕಂಡವರಿಲ್ಲ.

ಗುಂಡ್ಲುಪೇಟೆಯ ಶಾಖೆ ಎಂದರೆ ಅರಿಸಿನದ ಗೋದಾಮು, ಅದರ ಮುಂಭಾಗಕ್ಕೆ ಅಂಟಿಕೊಂಡ ಒಂದು ಕೋಣೆ. ನೋಡಿಕೊಳ್ಳುತ್ತಿದ್ದವನು ರಂಗನಾಯಕ, ದೊಡ್ಡ ಗಂಟಲಿನ, ಸಡಿಲ ಕೈಯ ಮನುಷ್ಯ. ಅವನ ಮೇಜಿನ ಮೇಲಿದ್ದ ಫೋನು ಹೆಸರಿಗೆ ಸಂಘದ್ದಾದರೂ ಬೀದಿಯವರೆಲ್ಲ ತಮ್ಮ ನೆಂಟರಿಗೆ ಕೊಟ್ಟಿದ್ದ ನಂಬರು ಅದೇ. ಫೋನು ಬಂತೆಂದರೆ ರಂಗನಾಯಕ ಬಾಗಿಲಿಗೆ ಬಂದು ಕೂಗು ಹಾಕುತ್ತಿದ್ದ. ಕರೆಸಿಕೊಂಡವರು ಕೈಯ ಹಿಟ್ಟು ಸೆರಗಿಗೆ ಒರೆಸುತ್ತ ಓಡಿಬರುತ್ತಿದ್ದರು. ಆ ಬೀದಿಗೆ ಸಾವು, ಹೆರಿಗೆ, ವರ ಒಪ್ಪಿದ ಸುದ್ದಿ ಎಲ್ಲ ಬಂದದ್ದು ಅದೇ ಕೋಣೆಯಿಂದ.

ಈ ಏರ್ಪಾಡಿನಿಂದಲೇ ಮರಿಮಲ್ಲಪ್ಪನ ಕೆಲಸ ಕೆಟ್ಟಿತು. ಮೊದಲ ಪರೀಕ್ಷೆಯ ದಿನ ಚಾಮರಾಜನಗರದ ಕಂಪ್ಯೂಟರ್ ಡಯಲ್ ಮಾಡಿತು. ಗುಂಡ್ಲುಪೇಟೆಯ ಮೋಡೆಮ್ ಎತ್ತಿಕೊಳ್ಳುವ ಮೊದಲೇ ರಂಗನಾಯಕ ಎತ್ತಿಕೊಂಡ. ಕಿವಿಗೆ ಸಿಳ್ಳೆ ಬಡಿಯಿತು. “ಯಾರ್ಲಾ ಅದು ಸಿಳ್ಳೆ ಒಡೀತಿರದು? ಎಂಗುಸ್ರು ಓಡಾಡೋ ಜಾಗ ಕಣ್ಲಾ ಇದು,” ಎಂದು ಗದರಿಸಿ ಇಟ್ಟುಬಿಟ್ಟ. ಎರಡನೆಯ ಸಲ ನಿರ್ದೇಶಕರೂ ಮುಖ್ಯ ಕಚೇರಿಯಲ್ಲಿ ಬಂದು ಕೂತಿದ್ದರು. ಆಗಲೂ ಇದೇ ಆಯಿತು. ನಿರ್ದೇಶಕರು ನಕ್ಕು, ಕಾಫಿ ಕುಡಿದು ಎದ್ದುಹೋದರು. ಮರಿಮಲ್ಲಪ್ಪನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ಮರುದಿನ ಗುಂಡ್ಲುಪೇಟೆಗೆ ಬಂದವನೇ ಫೋನನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಇನ್ನು ಮುಂದೆ ಆ ತಂತಿಯಲ್ಲಿ ಏನು ಬಂದರೂ ಮೊದಲ ರಿಂಗಿಗೇ ಮೋಡೆಮ್ ತಾನೇ ಎತ್ತಿಕೊಳ್ಳುವಂತೆ ಮಾಡಿದ. ಎಂಟನೆಯ ರಿಂಗಿಗೆ ಎತ್ತಿಕೊಳ್ಳುವಂತೆಯೂ ಮಾಡಬಹುದಾಗಿತ್ತು. ಒಂದು ಅಂಕಿ ಬದಲಾಯಿಸುವ ಕೆಲಸ. ಫೋನನ್ನು ಮೇಜಿನ ಮೇಲೇ ಬಿಟ್ಟು, ಮೊದಲ ಕೆಲವು ರಿಂಗು ಜನರಿಗೆ, ಆಮೇಲಿನದು ಯಂತ್ರಕ್ಕೆ ಎಂದು ಹಂಚಿದ್ದರೆ ಇಬ್ಬರಿಗೂ ನಡೆಯುತ್ತಿತ್ತು. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಒಂದು ಎಂದು ಒತ್ತಿದ.

ಬೀದಿ ಗೊಣಗಿತು. ರಂಗನಾಯಕ ಚುಚ್ಚಿದ: “ನಿಮ್ ಪೆಟ್ಗೆ ಬಲೇ ಜಾಣ ಬುಡಿ ಸಾರ್. ಯಾರ್ ಮಾತಾಡ್ಸುದ್ರೂ ಅಳಾಕ್ ಸುರು ಮಾಡ್ತದೆ.” ಮಿಕ್ಕವರು ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನವನನ್ನು ಕಾಡಿ ಬೇಡಿ ಬೇರೆ ನಂಬರು ಮಾಡಿಕೊಂಡರು. ಉಳಿದವಳು ಚಿಕ್ಕಬಸಮ್ಮ.

ಚಿಕ್ಕಬಸಮ್ಮ ಭೀಮನಬೀಡಿನವಳು, ಗಂಡ ತೀರಿದ ಮೇಲೆ ಗುಂಡ್ಲುಪೇಟೆಗೆ ಬಂದು ಆ ಗೋದಾಮಿನ ಕಸ ಗುಡಿಸಿ, ಹರಿದ ಗೋಣಿಚೀಲ ಹೊಲಿದು ಬದುಕಿದವಳು. ಒಬ್ಬಳೇ ಮಗಳು ಲಕ್ಷ್ಮಿದೇವಿ. ಅಳಿಯ ಶಂಕರ ಗೂಡಲೂರಿನಾಚೆ ಟೀ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ. ಲಕ್ಷ್ಮಿದೇವಿಯ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಿತ್ತು. ರಕ್ತ ನಿಲ್ಲದೆ ಮೈಸೂರಿಗೆ ಹೊತ್ತು ಓಡಿದ್ದರು. ಅವಳದು ಸುಲಭಕ್ಕೆ ಸಿಗದ ಗುಂಪಿನ ರಕ್ತ. ತಾಯಿಯದೂ ಅದೇ ಗುಂಪೆಂದು ತಿಳಿದು, ತಾಯಿಯ ರಕ್ತ ಕೊಟ್ಟು ಉಳಿಸಿದ್ದರು. ಮಗು ಹೋಗಿತ್ತು. ಇನ್ನೊಂದು ಸಲ ಬಸುರಾದರೆ ತಾಯಿ ಪಕ್ಕದಲ್ಲೇ ಇರಲಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಈಗ ಅವಳು ಮತ್ತೆ ತುಂಬಿದ ಬಸುರಿ. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕೆಂಬುದು ಅವರ ಪದ್ಧತಿ. ದಿನ ತುಂಬುವುದು ದೀಪಾವಳಿಯ ಮೇಲೆ. ಹಬ್ಬಕ್ಕೆ ಮುಂಚೆಯೇ ತಾಯಿ ಹೋಗಿ ಇರುವುದು, ಅಷ್ಟರೊಳಗೆ ನೋವು ಕಾಣಿಸಿದರೆ ಅಳಿಯ ಫೋನು ಮಾಡುವುದು, ಇವಳು ಕೂಡಲೇ ಗೂಡಲೂರು ಬಸ್ಸು ಹತ್ತುವುದು ಎಂದು ಮಾತಾಗಿತ್ತು. ಅಳಿಯನ ಬಳಿ ಇದ್ದದ್ದು ಸಂಘದ ನಂಬರೊಂದೇ.

ಅವಳು ಮರಿಮಲ್ಲಪ್ಪನಿಗೆ ಇದನ್ನೆಲ್ಲ ಹೇಳಿದಳು, ರಕ್ತದ ಮಾತನ್ನೂ ಸೇರಿಸಿ. ಅವನು ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿಸಿಕೊಂಡ.

“ನನ್ ಮಗಳ ಸುದ್ದಿ ಬರಾದು ಇದ್ರಲ್ಲೇ ಕಣ್ ಬುದ್ಧಿ,” ಎಂದಳು ಕೊನೆಗೆ. “ಈ ಪೆಟ್ಗೆ ನನ್ ಕೂಗ್ತದಾ?”

“ಇದು ಆಫೀಸಿನ ಲೈನಮ್ಮ. ಬೇರೆ ನಂಬರ್ ಕೊಡು ನಿನ್ನ ಅಳಿಯನಿಗೆ.”

“ಎಂಗ್ ಕೊಡನ ಬುದ್ಧಿ? ಅವ್ನಿಗೂ ಫೋನಿಲ್ಲ.”

ಕಾಗದ ಬರೆಸು ಎಂದ ಅವನು. ಅವಳು ರಂಗನಾಯಕನ ಕೈಯಲ್ಲಿ ಬರೆಸಲು ಹೋದಳು. ನಾಳೆ ಬರೆಯೋಣ ಎಂದ ರಂಗನಾಯಕ. ನಾಳೆ ಎನ್ನುವುದರಲ್ಲೇ ಆಯುಧಪೂಜೆ ಬಂತು.

ಪೂಜೆಯ ದಿನ ಗೋದಾಮಿನಲ್ಲಿ ತಕ್ಕಡಿ, ತೂಕದ ಬಟ್ಟು, ಚೀಲ ಹೊಲಿಯುವ ದಬ್ಬಳ, ಲಾರಿ ಎಲ್ಲಕ್ಕೂ ಕುಂಕುಮವಿಟ್ಟರು. ಕಂಪ್ಯೂಟರಿಗೂ ಆಗಬೇಕೆಂದು ರಂಗನಾಯಕ ಹೇಳಿದ. ಅರಿಸಿನದ ಗೋದಾಮು ಎಂದ ಮೇಲೆ ಕೋಣೆಯಲ್ಲಿ ಹಳದಿ ಧೂಳು ಕೂರದ ಜಾಗವಿಲ್ಲ. ಮೋಡೆಮ್ಮಿನ ಮೈಮೇಲೆ ಬೆರಳಿನಲ್ಲಿ ಗೆರೆ ಎಳೆಯುವಷ್ಟು ಕೂತಿತ್ತು. ಚಿಕ್ಕಬಸಮ್ಮ ಬಟ್ಟೆಯನ್ನು ನೀರಿಗದ್ದಿ ಹಿಂಡಿ, ಅದನ್ನು ನೀಟಾಗಿ ಒರೆಸಿದಳು. ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂ ಮುಡಿಸಿ ಕೈಮುಗಿದಳು. ಮಗಳ ಸುದ್ದಿ ಅದರೊಳಗೆ ಬರುವುದೆಂದು ತಿಳಿದವಳು, ಮಿಕ್ಕವರಿಗಿಂತ ಹೆಚ್ಚು ಹೊತ್ತೇ ಕೈಮುಗಿದಿರಬೇಕು.

ರಜೆ ಮುಗಿಸಿ ಬಂದ ಮರಿಮಲ್ಲಪ್ಪ ಕುಂಕುಮ ಕಂಡು ಕೆರಳಿದ. ಒರೆಸಿದವರು ಯಾರು ಎಂದು ಕೇಳಿ, ಅವಳನ್ನು ಕರೆಸಿ ಎಲ್ಲರ ಮುಂದೆ ಬೈದ. “ನೀರು ಮುಟ್ಟಿದರೆ ಇದು ಸತ್ತುಹೋಗುತ್ತೆ, ತಿಳೀತಾ? ಸತ್ತುಹೋದರೆ ನೀನು ತಂದುಕೊಡ್ತೀಯಾ?” ಅದು ಸತ್ತಿರಲಿಲ್ಲ, ಹಚ್ಚಿ ನೋಡಿದಾಗ ದೀಪಗಳೆಲ್ಲ ನೆಟ್ಟಗೆ ಉರಿದವು. ಆ ಮಾತನ್ನು ಅವಳಿಗೆ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಆ ಶನಿವಾರ ಅವನು ಕರ್ನಲ್ಲನ್ನು ಇನ್ನೊಮ್ಮೆ ಕಟ್ಟಲು ಕೂತ. ಅದುವರೆಗೆ ಸ್ಲಿಪ್ ಎಂಬ ಹಳೆಯ ಪದ್ಧತಿಯಲ್ಲಿ ಲೈನು ನಡೆಸಿದ್ದ. ಈ ತುದಿ ಕಡಿದುಹೋದರೆ ಆ ತುದಿಗೆ ತಿಳಿಯುತ್ತಿರಲಿಲ್ಲ. ಸತ್ತವನ ಜೊತೆ ಮಾತಾಡುತ್ತ ಕೂತಂತೆ ಕೂತಿರುತ್ತಿತ್ತು. ಹೊಸ ಪದ್ಧತಿಯಲ್ಲಿ ಎರಡು ತುದಿಗಳೂ ಮೊದಲು ಒಂದನ್ನೊಂದು ವಿಚಾರಿಸಿಕೊಂಡು, ಒಪ್ಪಿಕೊಂಡು, ಆಮೇಲೆ ಕೆಲಸಕ್ಕೆ ತೊಡಗುತ್ತವೆ. ಅದಕ್ಕೆ ಬೇಕಾದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಕಟ್ಟಲು ಬಿಟ್ಟು, ತೆರೆಯ ಮೇಲೆ ಸಾಲುಗಳು ಓಡುವುದನ್ನು ನೋಡುತ್ತಿದ್ದ. ರಂಗನಾಯಕ ಊಟಕ್ಕೆ ಹೋಗಿದ್ದ. ಹಿಂದಿನ ಅಂಗಳದಲ್ಲಿ ಚಿಕ್ಕಬಸಮ್ಮ ಚೀಲ ಹೊಲಿಯುತ್ತಿದ್ದಳು.

ಫೋನು ಬಂತು. ಮೊದಲ ರಿಂಗಿಗೇ ಮೋಡೆಮ್ ಎತ್ತಿಕೊಂಡು ಸಿಳ್ಳೆ ಹಾಕತೊಡಗಿತು. ಮುಖ್ಯ ಕಚೇರಿಗೆ ಅವನು ಇನ್ನೂ ಡಯಲ್ ಮಾಡಲು ಹೇಳಿರಲಿಲ್ಲ. ಕಿವಿ ಕೊಟ್ಟ. ಮೋಡೆಮ್ಮಿನ ಸಣ್ಣ ಸ್ಪೀಕರಿನಲ್ಲಿ ಸಿಳ್ಳೆಯ ಅಡಿಯಿಂದ ಗಂಡಸಿನ ದನಿ ಬರುತ್ತಿತ್ತು.

“ಅಲೋ... ರಂಗ್ನಾಯಕ್ರಾ? ಅಲೋ... ಬಸಮ್ಮಾರ್ನ ಒಸಿ ಕರೀರಿ...”

ಬೀರು ಪಕ್ಕದಲ್ಲೇ ಇತ್ತು, ಕೀಲಿ ಜೇಬಿನಲ್ಲಿತ್ತು. ಸಿಳ್ಳೆ ನಿಂತಿತು. ಮರಿಮಲ್ಲಪ್ಪ ತೆರೆಯ ಕಡೆ ನೋಡಿದ. ಇನ್ನೂ ಸಾಲುಗಳು ಓಡುತ್ತಿದ್ದವು. ಇದೊಂದು ಮುಗಿಯಲಿ, ಪರೀಕ್ಷೆ ಆಗಲಿ, ಆಮೇಲೆ ಅವಳಿಗೆ ಹೇಳಿದರಾಯಿತು ಎಂದುಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗಾಯಿತು. ಮತ್ತೆ ಅದೇ ಸಿಳ್ಳೆ, ಅದೇ ದನಿ. ಈ ಸಲ ಮಾತು ಒಡೆದಿತ್ತು. ಮರಿಮಲ್ಲಪ್ಪ ಎದ್ದು ನಿಂತ. ಎದ್ದದ್ದು ನಿಜ. ದನಿ ಕಡಿದುಹೋದ ಮೇಲೆ ಮತ್ತೆ ಕೂತ. ಬಸಮ್ಮ ಎಂದರೆ ಇವಳೇ ಏಕಾಗಬೇಕು, ಈ ಸೀಮೆಯಲ್ಲಿ ಮನೆಗೊಬ್ಬಳು ಬಸಮ್ಮ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ಕರೆ ಬರಲಿಲ್ಲ.

ಕರ್ನಲ್ ಸರಿಯಾಗಿ ಕಟ್ಟಿಕೊಂಡಿತು. ಬೀರುವಿನ ಬೀಗ ತೆಗೆದು, ಫೋನು ಹಚ್ಚಿ ಹೇಳಿ, ಚಾಮರಾಜನಗರದಿಂದ ಡಯಲ್ ಮಾಡಿಸಿದ. ಎರಡು ತುದಿಗಳೂ ವಿಚಾರಿಸಿಕೊಂಡವು, ಒಪ್ಪಿಕೊಂಡವು, ಈರೋಡಿನ ಧಾರಣೆ ಪ್ರಿಂಟರಿನಿಂದ ಕರಕರನೆ ಇಳಿದು ಬಂತು. ಅಷ್ಟು ದಿನದ ದುಡಿಮೆ ಫಲಿಸಿದ ಹಿಗ್ಗಿನಲ್ಲಿ ಸಂಜೆ ಬಸ್ಸು ಹತ್ತಿದ. ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದವಳು ಎದ್ದು ನಿಂತು ಕೈಮುಗಿದಳು. ಅವನು ತಲೆಯಾಡಿಸಿ ಹೋದ.

ಸೋಮವಾರ ಬೆಳಗಿನ ಬಸ್ಸಿಗೆ ಶಂಕರ ತಾನೇ ಬಂದಿಳಿದ. ಲಕ್ಷ್ಮಿದೇವಿಯನ್ನು ಭಾನುವಾರವೇ ಮಣ್ಣು ಮಾಡಿದ್ದರು. ಮಗು ಉಳಿದಿತ್ತು, ಅವನ ತಾಯಿಯ ಹತ್ತಿರವಿತ್ತು. ಶನಿವಾರ ಬೆಳಗ್ಗೆಯೇ ಆಸ್ಪತ್ರೆಗೆ ಸೇರಿಸಿದ್ದರಂತೆ. ಮಧ್ಯಾಹ್ನ ರಕ್ತ ಬೇಕೆಂದರಂತೆ. ಊಟಿಯಿಂದ ರಕ್ತ ತರಲು ಹೋದ ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಗೋದಾಮಿನ ಜಗಲಿಯ ಮೇಲೆ ಕೂತು ಅವನು ತಲೆ ಬಗ್ಗಿಸಿಕೊಂಡೇ ಹೇಳಿದ. “ಎಲ್ಡ್ ಸಲ ಮಾಡ್ದೆ ಅತ್ತೆ. ಬರೀ ಸಿಳ್ಳೆ. ಬೂತ್ನೋನು, ಅಲ್ಲಿ ಲೈನ್ ಸತ್ತೋಗದೆ ಕಣಪ್ಪ, ದುಡ್ ಕಳ್ಕಬ್ಯಾಡ ಅಂದ.”

ಚಿಕ್ಕಬಸಮ್ಮ ಅಳಲಿಲ್ಲ. ಸತ್ತೋಗದೆ ಎಂಬ ಮಾತನ್ನು ಮಾತ್ರ ಹಿಡಿದುಕೊಂಡಳು. ಆಮೇಲೆ ತನ್ನ ಎರಡು ಅಂಗೈಗಳನ್ನೂ ಮುಖದ ಮುಂದೆ ಹಿಡಿದು ನೋಡಿದಳು. “ನಾನೇ ಕಣಪ್ಪ,” ಎಂದಳು. “ನೀರ್ ಬಟ್ಟೇಲಿ ಒರಸ್ದೆ. ಸತ್ತೋಯ್ತದೆ ಅಂದಿದ್ರು. ನನ್ ಕೈಯ್ಯಾರ ಕೊಂದ್ಬುಟ್ಟೆ.”

ಹಾಗಲ್ಲ ಬುಡು ಎಂದು ಬೀದಿಯವರು ಸಮಾಧಾನ ಮಾಡಿದರು, ಮಾಡುತ್ತಲೇ ನಂಬಿದರು. ನಂಬುವುದು ಎಲ್ಲರಿಗೂ ಸುಲಭವಾಗಿತ್ತು. ಕೆಡದಿದ್ದಾಗಲೂ ಪೆಟ್ಟಿಗೆ ಸಿಳ್ಳೆಯನ್ನೇ ಹಾಕುತ್ತಿತ್ತು ಎಂಬುದು ಯಾರ ನೆನಪಿಗೂ ಬರಲಿಲ್ಲ. ಕಾಗದ ಬರೆಯದೆ ಉಳಿದ ರಂಗನಾಯಕನಿಗಂತೂ ಅದು ದೊಡ್ಡ ಆಸರೆಯಾಯಿತು. ಆದರೂ ಮರಿಮಲ್ಲಪ್ಪ ಮುಂದಿನ ಸಲ ಬಂದಾಗ ಅವನು ಒಂದು ಮಾತು ಕೇಳಿದ. “ಆವತ್ತು ನೀವಿಲ್ಲೇ ಇದ್ರಲ್ಲ ಸಾರ್. ಪೆಟ್ಗೆ ಕೆಟ್ಟಿತ್ತಾ?”

“ಲೈನಿನ ತೊಂದರೆ ಇದ್ದಿರಬಹುದು,” ಎಂದ ಮರಿಮಲ್ಲಪ್ಪ. ಅವನು ಸುಳ್ಳು ಹೇಳುವವನಲ್ಲ. ಇದ್ದಿರಬಹುದು ಎಂದರೆ ಸುಳ್ಳಾಗುವುದಿಲ್ಲ ಎಂಬುದು ಅವನ ಲೆಕ್ಕ.

ಚಿಕ್ಕಬಸಮ್ಮ ಕೆಲಸ ಬಿಡಲಿಲ್ಲ, ಬಿಟ್ಟರೆ ಹೊಟ್ಟೆಗಿಲ್ಲ. ಆದರೆ ಆ ಕೋಣೆಯೊಳಕ್ಕೆ ಕಾಲಿಡುವುದನ್ನು ಬಿಟ್ಟಳು. ಹೊಸ್ತಿಲ ತನಕ ಗುಡಿಸಿ ನಿಲ್ಲುತ್ತಿದ್ದಳು. ಯಾರಾದರೂ ಏನಾದರೂ ಕೊಟ್ಟರೆ ಬರಿಗೈಯಲ್ಲಿ ತೆಗೆದುಕೊಳ್ಳದೆ ಸೆರಗು ಒಡ್ಡುತ್ತಿದ್ದಳು. ಮಗುವನ್ನು ನೋಡಿ ಬಾ ಎಂದು ಅಳಿಯ ಹೇಳಿಕಳಿಸಿದರೂ ಹೋಗಲಿಲ್ಲ. ಈ ಕೈಯಲ್ಲಿ ಅದನ್ನು ಹೆಂಗೆ ಮುಟ್ಟಲಿ ಎಂದಳಂತೆ. ಇದನ್ನು ರಂಗನಾಯಕ ಮರಿಮಲ್ಲಪ್ಪನಿಗೆ ಹೇಳಿದಾಗ ಅವನು ಕೇಬಲ್ಲುಗಳ ಸ್ಕ್ರೂ ಬಿಗಿ ಮಾಡುತ್ತಿದ್ದ. ಮನೆಯಲ್ಲಿ ರಾಚಮ್ಮ ಬಡಿಸಿದ್ದನ್ನು ಎಂದಿನಂತೆ ಉಂಡ. ಎಂದಿನಂತೆಯೇ ಎಂದು ರಾಚಮ್ಮನೂ ಹೇಳುತ್ತಾಳೆ.

ದೀಪಾವಳಿ ಕಳೆದ ಮೇಲೆ ನಿರ್ದೇಶಕರೆಲ್ಲ ಗುಂಡ್ಲುಪೇಟೆಯ ಶಾಖೆಗೇ ಬಂದರು, ಕಾರ್ಯದರ್ಶಿಗಳೂ ಜೊತೆಗಿದ್ದರು. ಹಿಂದಿನ ನಗೆಪಾಟಲನ್ನು ಅಳಿಸಿಹಾಕುವ ದಿನ ಅದು. ಅವನ ಕೆಲಸ ಕಾಯಂ ಆಗುವ ಮಾತೂ ಅದರ ಮೇಲೆ ನಿಂತಿತ್ತು. ಚಾಮರಾಜನಗರ ಡಯಲ್ ಮಾಡಿತು. ಮೋಡೆಮ್ ಸಿಳ್ಳೆ ಹಾಕಿ ಸುಮ್ಮನಾಯಿತು, ಕೆಂಪು ದೀಪಗಳು ಮಿನುಗಿದವು, ಧಾರಣೆ ಇಳಿಯಿತು. ನಿರ್ದೇಶಕರು ಕಾಗದವನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ತೂಕದ ಲೆಕ್ಕ ಆ ಕಡೆ ಹೊರಟಿತು; ಒಂದೊಂದೇ ಸಾಲು ಹೋಗುತ್ತಿರುವುದು ತೆರೆಯ ಮೇಲೆ ಕಾಣುತ್ತಿತ್ತು. ಕಾರ್ಯದರ್ಶಿಗಳು ಮರಿಮಲ್ಲಪ್ಪನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಚಿಕ್ಕಬಸಮ್ಮ ಟೀ ತಂದಳು. ಹೊಸ್ತಿಲ ಹೊರಗೆ ತಟ್ಟೆಯನ್ನು ನೆಲಕ್ಕಿಟ್ಟು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ದೂರ ನಿಂತಳು. ಒಳಗೆ ತಾರಮ್ಮ ಎಂದು ಒಬ್ಬ ನಿರ್ದೇಶಕರು ಕರೆದರು. ಅವಳು ತಲೆಯಾಡಿಸಿದಳು. ಆಗ ರಂಗನಾಯಕ ತನ್ನ ದೊಡ್ಡ ಗಂಟಲಿನಲ್ಲಿ ಎಲ್ಲವನ್ನೂ ಅವಳ ಎದುರಿಗೇ ವಿವರಿಸಿದ: ಒದ್ದೆ ಬಟ್ಟೆಯಲ್ಲಿ ಒರೆಸಿದ್ದು, ಪೆಟ್ಟಿಗೆ ಕೆಟ್ಟದ್ದು, ಅಳಿಯನ ಫೋನು ಸಿಗದೆ ಮಗಳು ಹೋದದ್ದು. ನಿರ್ದೇಶಕರು ಲೊಚಗುಟ್ಟಿದರು. ಓದು ಬರಹವಿಲ್ಲದವರ ಹಣೆಬರಹವೇ ಇಷ್ಟು ಎಂದು ಒಬ್ಬರು ಹೇಳಿದರು. ಚಿಕ್ಕಬಸಮ್ಮ ಹೌದೆನ್ನುವಂತೆ ನೆಲ ನೋಡಿದಳು.

ಮರಿಮಲ್ಲಪ್ಪ ಹೊರಗೆ ಬಂದ. ತಟ್ಟೆಯ ಮೇಲೆ ಲೋಟ ಒರೆಸಲು ಇಟ್ಟಿದ್ದ ಬಟ್ಟೆಯನ್ನು ತೆಗೆದುಕೊಂಡು, ಬಾಗಿಲ ಪಕ್ಕದ ನೀರಿನ ಬಿಂದಿಗೆಗೆ ಅದ್ದಿದ. ಹಿಂಡಿದ, ಪೂರ್ತಿ ಹಿಂಡಲಿಲ್ಲ. ಒಳಗೆ ಬಂದು ಮೋಡೆಮ್ಮಿನ ಮೇಲೆ ಒರೆಸಿದ. ಹಳದಿ ನೀರು ಅದರ ಪಕ್ಕೆಯಿಂದ ಮೇಜಿಗೆ ಇಳಿಯಿತು.

“ರೀ, ಏನ್ರೀ ಮಾಡ್ತಿದೀರಿ,” ಎಂದರು ಕಾರ್ಯದರ್ಶಿಗಳು.

ಕೆಂಪು ದೀಪಗಳು ಮಿನುಗುತ್ತಲೇ ಇದ್ದವು. ತೆರೆಯ ಮೇಲೆ ತೂಕದ ಸಾಲುಗಳು ಹೋಗುತ್ತಲೇ ಇದ್ದವು. ಚಿಕ್ಕಬಸಮ್ಮ ತಲೆಯೆತ್ತಿ ಮೊದಲು ದೀಪಗಳನ್ನು ನೋಡಿದಳು, ಆಮೇಲೆ ಅವನ ಮುಖವನ್ನು.

“ಅಂಗಾದ್ರೆ ಆವತ್ತು ಏನಾಗಿತ್ತು ಸಾರ್?” ಎಂದು ರಂಗನಾಯಕ ಕೇಳಿದ. ಈ ಸಲ ಅವನ ಗಂಟಲು ಸಣ್ಣದಾಗಿತ್ತು.

ಮರಿಮಲ್ಲಪ್ಪ ಮತ್ತೆ ಹೊರಗೆ ಹೋಗಿ ಬಟ್ಟೆಯನ್ನು ನೀರಿಗೆ ಅದ್ದಿಕೊಂಡು ಬಂದು, ಅವಳಿಗೆ ಚೆನ್ನಾಗಿ ಕಾಣುವಂತೆ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ತಿರುಗಿಸಿ, ಫೋನಿನ ತಂತಿ ಒಳಹೋಗುವ ಬೆನ್ನಿನ ಭಾಗವನ್ನೂ ಒರೆಸಿದ.